ಸದ್ದಿಲ್ಲದ ಬಾಗಿಲು ಮತ್ತು ಚೆಕಿಂಗ್ ಸಾಹೇಬರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದವನ್ನೆಲ್ಲ ಮಾಂಸ ಕಾಣುವಷ್ಟು ಕತ್ತರಿಸಿಕೊಂಡು, ಅದೊಂದನ್ನು ಹಳದಿಗೆ ತಿರುಗಿ ಒಳಕ್ಕೆ ಬಾಗುವವರೆಗೆ ಬೆಳೆಸಿದ್ದರು. ಅದು ಅವರು ಲೋಕವನ್ನು ಪರೀಕ್ಷೆ ಮಾಡುವ ಸಲಕರಣೆ. ಚಿತ್ರದುರ್ಗದ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿ ಗೃಹಪ್ರವೇಶ ಮಾಡಿದ ದಿನ ಪಕ್ಕದ ಮನೆಯವರೆಂದು ಊಟಕ್ಕೆ ಕರೆದಿದ್ದೆವು. ಬಂದವರು ಚಪ್ಪಲಿ ಬಿಡುವ ಮೊದಲೇ ನಮ್ಮ ಮುಂಬಾಗಿಲನ್ನು ಆ ಉಗುರಿನಿಂದ ಕೆರೆದು, ಉಗುರನ್ನು ಮೂಸಿ, ತೇಗ ಅಂತ ಹೇಳಿದ್ನಾ ಬಡಗಿ ಎಂದು ನನ್ನನ್ನು ಕೇಳಿದರು. ಹೌದು ಎಂದೆ. "ಹೇಳಿರ್ತಾನೆ ಬಿಡ್ರಿ" ಎಂದು ಒಳಗೆ ಹೋಗಿ ಎಲೆ ಮುಂದೆ ಕುಳಿತರು. ಆ ಬಾಗಿಲು ತೇಗದ್ದೇ. ಆದರೂ ಅವತ್ತಿನಿಂದ ನಾನು ಅದನ್ನು ಪೂರ್ತಿ ನಂಬಿಲ್ಲ.

ಸರ್ಕಾರಿ ಬಸ್ಸುಗಳನ್ನು ದಾರಿಯ ಮಧ್ಯೆ ನಿಲ್ಲಿಸಿ, ಹತ್ತಿ, ಟಿಕೆಟ್ ತೋರಿಸಿ ಎನ್ನುವ ಕೆಲಸದಲ್ಲಿ ಅವರು ಜೀವಮಾನ ಕಳೆದಿದ್ದರು. ನಿವೃತ್ತರಾದರೂ ಬೀದಿಗೆಲ್ಲ ಚೆಕಿಂಗ್ ಸಾಹೇಬರೇ. ಬಸ್ಸು ಇರಲಿಲ್ಲ, ಅಷ್ಟೇ, ಚೆಕಿಂಗ್ ನಿಂತಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಕನ್ನು ಉಗುರಿನಿಂದ ಉಜ್ಜಿ ನೋಡುತ್ತಿದ್ದರು. ಸೊಪ್ಪಿನವಳು ಕಂತೆ ಕೊಟ್ಟರೆ ಬಿಚ್ಚಿ, ನಡುವೆ ಹುಲ್ಲು ಇಟ್ಟಿದ್ದಾಳಾ ನೋಡಿ, ಮತ್ತೆ ಕಟ್ಟಿಕೊಡು ಎನ್ನುತ್ತಿದ್ದರು. ಅವರದೊಂದು ಮಾತಿತ್ತು: "ಟಿಕೆಟ್ ಐತೆ ಅಂತ ಮೊದಲು ಕೂಗಿದವನ ಹತ್ರಾನೇ ಟಿಕೆಟ್ ಇರಲ್ಲ." ಈ ಮಾತನ್ನು ಮದುವೆ ಮಾತುಕತೆಗೂ ಚುನಾವಣೆಗೂ ಕಲ್ಲಂಗಡಿ ಹಣ್ಣಿಗೂ ಒಂದೇ ರೀತಿ ಅನ್ವಯಿಸುತ್ತಿದ್ದರು.

ನಮ್ಮ ಎರಡು ಮನೆಗಳ ನಡುವೆ ಅರ್ಧ ಅಡಿ ಜಾಗದ ಅನುಮಾನ ಮೊದಲಿನಿಂದಲೂ ಇತ್ತು. ನಾವು ಅವರ ಕಡೆಗೆ ಸರಿದಿದ್ದೇವೆಂದು ಅವರು, ಅವರೇ ನಮ್ಮ ಕಡೆಗೆ ಸರಿದಿದ್ದಾರೆಂದು ನನ್ನ ಗಂಡ. ನಮ್ಮ ಕಾರಿನ ಶೆಡ್ಡು ಅವರ ಮಲಗುವ ಕೋಣೆಗೆ ಒತ್ತಿಕೊಂಡೇ ಇತ್ತು. ಆ ಗೋಡೆಯಾಚೆಯಿಂದ ಬೆಳಗಾದರೆ ಅವರ ಹೆಂಡತಿಯ ಬೈಗುಳ ಕೇಳುತ್ತಿತ್ತು. ಬೀದಿಯವರೆಲ್ಲ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕರೆದು ಕರೆದು ಕರಿಬೇವು ಕೊಡುವ, ನೆಂಟರು ಬಂದರೆ ಕಾಂಪೌಂಡಿನ ಮೇಲಿಂದ ಅವರೆಕಾಳು ಸಾರು ದಾಟಿಸುವ ಹೆಂಗಸು. ಗಂಡನನ್ನು ಮಾತ್ರ ಬಾಯಿ ತುಂಬ ಬೈಯುತ್ತಿದ್ದರು. ಸಾಹೇಬರು ಯಾರನ್ನು ಬೇಕಾದರೂ ಅನುಮಾನಿಸುತ್ತಿದ್ದರು, ಆ ಬೈಗುಳವನ್ನು ಮಾತ್ರ ಪ್ರಸಾದದ ಹಾಗೆ ಸ್ವೀಕರಿಸುತ್ತಿದ್ದರು. ನನಗಂತೂ ಆ ಕೂಗಾಟ ಕೇಳಿದರೇನೇ ಬೆಳಗು ಆದಂತೆ ಅನ್ನಿಸುತ್ತಿತ್ತು.

ಒಂದು ದಿನ ದೊಡ್ಡಮ್ಮ ಅಡುಗೆಮನೆಯಲ್ಲಿ ಬಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಇದ್ದೂ ಇಲ್ಲದ ಹಾಗಾಗಿತ್ತು, ಮಾತು ಪೂರ್ತಿ ಹೋಗಿತ್ತು. ಭೀಮಸಮುದ್ರದಿಂದ ಅವರ ತಂಗಿ ಬಂದು ಜೊತೆಗೇ ಉಳಿದರು. ಮಾತು ಬಂದರೆ ಬರಬಹುದು, ಬರದೆಯೂ ಇರಬಹುದು, ಸದ್ಯಕ್ಕೆ ನಿದ್ದೆಯೇ ಔಷಧ ಎಂದು ಡಾಕ್ಟರು ಹೇಳಿ ಕಳುಹಿಸಿದ್ದರಂತೆ.

ಆಮೇಲೊಂದು ಸಂಜೆ ಸಾಹೇಬರು ನಮ್ಮ ಗೇಟಿನ ಹೊರಗೆ ನಿಂತುಕೊಂಡರು. ಒಳಗೆ ಬರ್ರಿ ಎಂದರೂ ಬರಲಿಲ್ಲ.

"ಟೀಚರಮ್ಮ, ನಿಮ್ಮ ಶಟರ್ ಎಳೆದ್ರೆ ನಮ್ಮನೆಯವಳು ಬೆಚ್ಚಿ ಬೀಳ್ತಾಳೆ. ಆಮೇಲೆ ಇಡೀ ದಿನ ಕಣ್ಣು ಮುಚ್ಚಲ್ಲ."

ಭೀಮಸಮುದ್ರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಬೆಳಿಗ್ಗೆ ಕಾರು ತೆಗೆಯುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ದೊಡ್ಡಮ್ಮನಿಗೆ ಮಾತ್ರೆಯ ನಿದ್ದೆ ಹತ್ತುತ್ತಿತ್ತಂತೆ. ನಮ್ಮದು ಅಂಗಡಿಗೆ ಹಾಕುವಂಥ ಸುತ್ತುವ ಕಬ್ಬಿಣದ ಶಟರ್. ಎತ್ತಿದರೆ ಗಡಗಡ ಎಂದು ಬೀದಿಯ ಕೊನೆಯ ನಾಯಿಗೂ ಕೇಳುತ್ತಿತ್ತು. ಸಾಹೇಬರು ಹೇಳಿದ್ದು ನಿಜವಿರಬಹುದು ಎಂದು ನಾನಂದರೆ ನನ್ನ ಗಂಡ ನಂಬಲಿಲ್ಲ. ಹೆಂಡತಿಯ ಕಾಯಿಲೆ ಮುಂದಿಟ್ಟುಕೊಂಡು ಮೊದಲು ಶಟರ್ ತೆಗೆಸುತ್ತಾನೆ, ಆಮೇಲೆ ಶೆಡ್ಡು, ಆಮೇಲೆ ಆ ಅರ್ಧ ಅಡಿ ಎಂಬುದು ಇವರ ಲೆಕ್ಕ. ಅನುಮಾನ ಅಂಟುರೋಗ; ಗೋಡೆ ದಾಟಿ ನಮ್ಮ ಮನೆಗೂ ಬಂದಿತ್ತು.

ಕೆಲವು ದಿನ ಕಾರನ್ನು ಬೀದಿಯಲ್ಲೇ ನಿಲ್ಲಿಸಿ ನೋಡಿದೆ. ಸಾಹೇಬರಿಗೆ ಅದೂ ಸರಿಬರಲಿಲ್ಲ. ತಮ್ಮ ಮನೆ ಮುಂದಿನ ರಸ್ತೆಯನ್ನೂ ನಾವು ಹಿಡಿಯುತ್ತಿದ್ದೇವೆ ಎನ್ನಿಸಿತೋ ಏನೋ, ಸಂಜೆ ಟೇಪು ಹಿಡಿದು ಬಂದು ಕಾರಿನ ಚಕ್ರಕ್ಕೂ ತಮ್ಮ ಗೇಟಿಗೂ ಎಷ್ಟು ಅಂತರ ಎಂದು ಅಳೆದರು. ನನಗೆ ತಲೆ ಕೆಟ್ಟುಹೋಯಿತು. ಸದ್ದು ಮಾಡದ ಮೋಟರಿನ ಬಾಗಿಲು ಬರುತ್ತಂತೆ, ರಿಮೋಟ್ ಒತ್ತಿದರೆ ಸಾಕಂತೆ, ಅದನ್ನೇ ಹಾಕಿಸುತ್ತೇನೆ, ದಯವಿಟ್ಟು ಟೇಪು ಒಳಗಿಡಿ ಎಂದೆ. ಅವರು ಟೇಪನ್ನು ನಿಧಾನವಾಗಿ ಸುತ್ತಿಕೊಂಡು, "ಹಂಗಾದ್ರೆ ನಾನೂ ಬರ್ತೀನಿ ಆರಿಸಾಕೆ" ಎಂದರು. ನಾನು ಯಾವುದೋ ಅಗ್ಗದ್ದನ್ನು ತಂದು, ಇದೇ ಸದ್ದಿಲ್ಲದ್ದು ಎಂದು ಸಾಗಹಾಕುತ್ತೇನೆಂದು ಅವರಿಗೆ ಖಾತ್ರಿಯಿತ್ತು.

ಊರೊಳಗಿನ ಅಂಗಡಿಗೆ ಹೋದೆವು. ಅಂಗಡಿಯವನು ತೋರಿಕೆಗೆಂದು ಹಾಕಿದ್ದ ಪುಟ್ಟ ಶಟರನ್ನು ಏರಿಸಿ ಇಳಿಸಿ, ಕೆಳಗೆ ಏನಾದರೂ ಸಿಕ್ಕರೆ ತಾನಾಗಿಯೇ ನಿಂತು ಮೇಲೆ ಹೋಗುತ್ತದೆ, ಮಕ್ಕಳಿರುವ ಮನೆಗೂ ಭಯವಿಲ್ಲ ಎಂದು ಹೊಗಳಿದ. ಸಾಹೇಬರು ಕೈಚೀಲದಿಂದ ಒಂದು ಸೌತೆಕಾಯಿ ತೆಗೆದು ಶಟರಿನ ಕೆಳಗೆ ಇಟ್ಟರು. ಮನೆಯಿಂದಲೇ ತಂದಿದ್ದರು. ಶಟರ್ ಇಳಿಯಿತು, ನಿಲ್ಲಲಿಲ್ಲ, ಸೌತೆಕಾಯಿ ಪಚಡಿಯಾಯಿತು. ಇದು ತೋರಿಕೆಯ ಪೀಸು, ಮನೆಗೆ ಹಾಕುವುದು ಬೇರೆ ಎಂದು ಅಂಗಡಿಯವನು ತಡವರಿಸಿದ. ಸಾಹೇಬರು ಉಳಿದ ಅರ್ಧ ಸೌತೆಕಾಯಿಯನ್ನು ಒರೆಸಿಕೊಂಡು ಚೀಲಕ್ಕೆ ಹಾಕಿಕೊಂಡರು. ಅವನು ಈವರೆಗೆ ಯಾವ ಯಾವ ಊರಿನಲ್ಲಿ, ಯಾರ ಮನೆಗೆ ಹಾಕಿದ್ದಾನೆ ಎಂದಷ್ಟೇ ಕೇಳಿಕೊಂಡು ಹೊರಟುಬಿಟ್ಟರು.

ಕಾರಿನಲ್ಲಿ ಅವರು ತಮ್ಮ ರೀತಿಯನ್ನು ನನಗೆ ವಿವರಿಸಿದರು. ಅವರು ಹುಟ್ಟಿದ್ದು ಮತ್ತೋಡಿನ ಕಡೆ, ಕುರಿ ಸಾಕಿದ ಮನೆಯಲ್ಲಿ. ಅವರಪ್ಪ ಎಂದೂ ಸಂತೆಯಲ್ಲಿ ಟಗರು ಕೊಂಡವರಲ್ಲವಂತೆ. ಸಂತೆಗೆ ಬಂದ ಟಗರಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಕೊಂಬಿಗೆ ಎಣ್ಣೆ ಹಚ್ಚಿರುತ್ತಾರೆ. ಅದು ಕಟ್ಟಿಹಾಕಿರುವ ರೊಪ್ಪಕ್ಕೇ ಹೇಳದೆ ಕೇಳದೆ ಹೋಗಬೇಕು. ಹೋದರೂ ಗಂಡಸನ್ನು ಕೇಳಬಾರದು. ಮೇವು ಹಾಕುವ, ಹಿಕ್ಕೆ ಬಾಚುವ ಹೆಂಗಸನ್ನು ಕೇಳಬೇಕು, ಅವಳು ಬೈದುಕೊಂಡು ಹೇಳುವುದೇ ನಿಜ. ಮೋಟರಿನ ವಿಚಾರದಲ್ಲೂ ಅವರು ಹಾಗೇ ಮಾಡುವವರಿದ್ದರು. ನಾನು ಗಾಡಿ ಓಡಿಸಬೇಕು, ಮತ್ತೆ ಹೆಂಗಸಾದ್ದರಿಂದ ಅಡುಗೆಮನೆಯವರೆಗೂ ಹೋಗಬೇಕು. ಮುಂದಿನ ಸೀಟಿನಲ್ಲಿ ಕೂರಿ ಎಂದರೆ ಕೂರಲಿಲ್ಲ. ಹಿಂದೆ ಕುಳಿತು ನಾನು ಗೇರು ಬದಲಾಯಿಸುವುದನ್ನೇ ನೋಡುತ್ತಿದ್ದರು.

ಮೊದಲು ಹಿರಿಯೂರಿಗೆ. ಎಣ್ಣೆ ಗಾಣದವರ ದೊಡ್ಡ ಮನೆ. ಯಜಮಾನರು ತಮ್ಮ ಮೋಟರನ್ನು ಮಗಳನ್ನು ಹೊಗಳಿದಂತೆ ಹೊಗಳುತ್ತಿರುವಾಗ ಸಾಹೇಬರು ನನಗೆ ಕಣ್ಣಿನಲ್ಲೇ ಸೂಚನೆ ಕೊಟ್ಟರು. ನಾನು ನೀರು ಕೇಳುವ ನೆಪದಲ್ಲಿ ಒಳಗೆ ಹೋದೆ. ಒಳಗಿದ್ದ ಸೊಸೆ ಒಂದೇ ಮಾತಿನಲ್ಲಿ ಮುಗಿಸಿದಳು: ಅದು ಏರುವಾಗ ಹಿಟ್ಟಿನ ಗಿರಣಿ, ಕರೆಂಟು ಹೋದಾಗ ಇಡೀ ಮನೆಯವರು ಸರಪಳಿ ಜಗ್ಗಬೇಕು. ಅಲ್ಲಿಂದ ಮಾರಿಕಣಿವೆ ಹತ್ತಿರವೇ, ಹೇಗೂ ಬಂದಿದ್ದೇವೆ, ಕೋಡಿ ನೋಡಿಕೊಂಡು ಹೋಗಾಣ ಎಂದೆ. ಕಟ್ಟಿದ ಅಣೆಕಟ್ಟು ಎಲ್ಲಿಗೂ ಓಡಿಹೋಗಲ್ಲ, ಮನೇಲಿ ಅವಳು ಎದ್ದು ಕುಂತಿರ್ತಾಳೆ ಎಂದು ನನ್ನನ್ನು ತಿರುಗಿಸಿಕೊಂಡು ಬಂದರು.

ಹೊಸದುರ್ಗದಲ್ಲಿ ನಮ್ಮಿಬ್ಬರ ಮಾನ ಹೋಗುವುದರಲ್ಲಿತ್ತು. ಬಂದ ಕಾರಣ ಮೊದಲೇ ಹೇಳಿದರೆ ಮೆರುಗು ಹಚ್ಚಿ ಹೇಳುತ್ತಾರೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಓಣಿಯೊಂದರಲ್ಲಿ ಮೋಟರ್ ಹಾಕಿದ್ದ ಮನೆಯ ಶಟರನ್ನು ಬಗ್ಗಿ, ಉಗುರಿನಿಂದ ಕೆರೆದು ನೋಡಿ, ಬಾಗಿಲಿಗೆ ಬಂದ ಹೆಂಗಸನ್ನು ನೇರವಾಗಿ ಕೇಳಿದರು: "ಕರೆಂಟ್ ಹೋದಾಗ ಇದನ್ನ ಹೊರಗಿಂದ ಎತ್ತಬೋದಾ? ಎತ್ತಿದ್ರೆ ಒಳಗೆ ಮಲಗಿದೋರಿಗೆ ಕೇಳ್ತೈತಾ?"

ಆಕೆ ಬಾಗಿಲು ಹಾಕಿಕೊಂಡಳು. ನಾವು ಇನ್ನೂ ನೋಡುತ್ತ ನಿಂತಿರುವಾಗಲೇ ಓಣಿಯ ಎರಡೂ ಕಡೆಯಿಂದ ಜನ ಬಂದರು. ಒಬ್ಬ ನನ್ನ ಕಾರಿನ ನಂಬರಿನ ಫೋಟೋ ತೆಗೆದ. ಸಾಹೇಬರು ಹೆದರುವ ಬದಲು ಅವನ ಮುಂದೆಯೇ ಹೋಗಿ, ಫೋಟೋ ತೆಗೆಯಲು ನೀನ್ಯಾರು, ನಿನ್ನ ಗುರುತಿನ ಚೀಟಿ ತೋರಿಸು ಎಂದು ಕೈ ಚಾಚಿದರು. ನಾನು ಓಡಿಹೋಗಿ ಸ್ಕೂಲಿನ ಐಡಿ ಕಾರ್ಡು ತಂದು, ದೊಡ್ಡಮ್ಮನ ಕಾಯಿಲೆಯಿಂದ ಹಿಡಿದು ಎಲ್ಲ ಹೇಳಿದ ಮೇಲೆ ಜನ ನಕ್ಕು ಚದುರಿದರು. ಆ ಹೆಂಗಸೇ ಕರೆದು ಮಜ್ಜಿಗೆ ಕೊಟ್ಟಳು. ಅವಳ ಮೋಟರೂ ಸದ್ದಿನದ್ದೇ. ದಾರಿಯಲ್ಲಿ ನಾನು ಕುದಿಯುತ್ತಿದ್ದೆ. ಹಿಂದಿನ ಸೀಟಿನಿಂದ ಅವರು ಬಹಳ ಸಮಾಧಾನದಲ್ಲಿ ಹೇಳಿದರು: "ಆ ಹೆಣ್ಮಗಳು ಸರಿಯಾಗವಳೆ. ಕೇಳಿದ ತಕ್ಷಣ ಬಾಗ್ಲು ಹಾಕ್ಕಂಡ್ಲು." ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ನನಗಲ್ಲ.

ಇಷ್ಟು ತಿರುಗಾಟದಲ್ಲಿ ದೊಡ್ಡಮ್ಮನಿಗೆ ನಿದ್ದೆ ಇನ್ನೂ ಕಡಿಮೆಯಾಗಿತ್ತು. ಕಣ್ಣಿನ ಕೆಳಗೆ ಕಪ್ಪಾಗಿದೆ, ಊಟಕ್ಕೂ ಬಾಯಿ ತೆರೆಯುತ್ತಿಲ್ಲ ಎಂದು ಅವರ ತಂಗಿ ಕಾಂಪೌಂಡಿನ ಹತ್ತಿರ ನಿಂತು ಹೇಳಿ ಅತ್ತರು. ನಾನು ಶಟರನ್ನು ಎತ್ತುವುದನ್ನೇ ಬಿಟ್ಟು, ಕಾರನ್ನು ಶೆಡ್ಡಿನಲ್ಲೇ ಇಟ್ಟು ಬಸ್ಸಿಗೆ ಹೋಗತೊಡಗಿದ್ದೆ. ಆದರೆ ಗಂಡನ ಅಂಗಡಿಯ ಸಾಮಾನು ಅದೇ ಶೆಡ್ಡಿನಲ್ಲಿತ್ತು, ದಿನಕ್ಕೊಮ್ಮೆಯಾದರೂ ತೆರೆಯಲೇಬೇಕಿತ್ತು.

ಕೊನೆಗೆ ಹೊಳಲ್ಕೆರೆಯಲ್ಲಿ ಅದು ಸಿಕ್ಕಿತು. ದನದ ಡಾಕ್ಟರೊಬ್ಬರ ಮನೆ. ಅದು ಸುತ್ತಿಕೊಳ್ಳುವ ಶಟರೇ ಅಲ್ಲ. ಅಗಲವಾದ ಹಲಗೆಗಳ ಹಾಗೆ ಒಂದರ ಹಿಂದೆ ಒಂದು ಮೇಲಕ್ಕೆ ಸರಿದು ಸೂರಿನ ಕೆಳಗೆ ಹೋಗಿ ಮಲಗುವ ಬಾಗಿಲು. ಎಳೆಯುವುದಕ್ಕೆ ಕಬ್ಬಿಣದ ಸರಪಳಿಯಿಲ್ಲ, ರಬ್ಬರಿನ ಬೆಲ್ಟು. ಕರೆಂಟು ಹೋದರೆ ಬ್ಯಾಟರಿ, ಅದೂ ಕೈಕೊಟ್ಟರೆ ಒಳಗಿನ ಒಂದು ಹಗ್ಗ ಎಳೆದು ಒಂದೇ ಕೈಯಲ್ಲಿ ಎತ್ತಬಹುದು. ಡಾಕ್ಟರ ಹೆಂಡತಿ ಮಾತಾಡುತ್ತಲೇ ರಿಮೋಟ್ ಒತ್ತಿದ್ದರು. ಸಾಹೇಬರು ಬೇರೆಡೆ ನೋಡುತ್ತಿದ್ದವರು ತಿರುಗುವಷ್ಟರಲ್ಲಿ ಬಾಗಿಲು ತೆರೆದು ನಿಂತಿತ್ತು. ಪಕ್ಕದಲ್ಲಿ ಮಲಗಿದ್ದ ಬೆಕ್ಕು ಕಿವಿಯನ್ನೂ ಅಲ್ಲಾಡಿಸಿರಲಿಲ್ಲ. ಹಾಕಿಸಿ ಎಷ್ಟು ವರ್ಷವಾಯಿತು, ಎಷ್ಟು ಸಲ ಕೆಟ್ಟಿದೆ ಎಂದು ನಾನು ಅಡುಗೆಮನೆಗೂ ಹೋಗಿ ಕೇಳಿದೆ. ಕೆಟ್ಟೇ ಇಲ್ಲ ಎಂದರು. ಸೌತೆಕಾಯಿ ಇಟ್ಟರೂ ಬಾಗಿಲು ಮುಟ್ಟಿ ಹಿಂದಕ್ಕೆ ಹೋಯಿತು. ಇನ್ನೇನು, ಮುಗಿಯಿತು ಎಂದುಕೊಂಡೆ.

ಕಾರು ಹತ್ತಿದ ಮೇಲೆ ಸಾಹೇಬರು, ಇದು ಬೇಡ ಎಂದರು.

ಯಾಕೆ ಎಂದೆ. ಸುಮ್ಮನೆ ನಿಂತ ಕುರಿಯನ್ನು ಕೊಳ್ಳಬಾರದು, ಒಳಗೆ ರೋಗ ಇರುತ್ತದೆ ಎಂದರು. ಒಳ್ಳೆಯ ಕುರಿ ಹತ್ತಿರ ಹೋದರೆ ಅರಚಬೇಕು, ಕಾಲು ಝಾಡಿಸಬೇಕು. ಅಷ್ಟು ದೊಡ್ಡ ಬಾಗಿಲು ಏನೂ ಸದ್ದು ಮಾಡದೆ ಮೇಲೆ ಹೋಗುತ್ತದೆಂದರೆ ಅದರಲ್ಲಿ ಏನೋ ಮೋಸವಿದೆ.

ನಾನು ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ನನ್ನ ಸಿಟ್ಟು ಸಣ್ಣದಲ್ಲ, ಸ್ಕೂಲಿನ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಸದ್ದಿಲ್ಲದ್ದು ಬೇಕು ಎಂದವರು ಯಾರು, ಮೂರು ತಾಲ್ಲೂಕು ತಿರುಗಿಸಿದ್ದು ಯಾರಿಗಾಗಿ, ಅಲ್ಲಿ ಆ ಹೆಂಗಸು ನಿದ್ದೆಯಿಲ್ಲದೆ ಸಾಯುತ್ತಿದ್ದಾರೆ, ನಿಮಗೆ ಅವರು ಮಲಗುವುದು ಬೇಕೋ ನಿಮ್ಮ ಅನುಮಾನ ಗೆಲ್ಲುವುದು ಬೇಕೋ ಎಂದು ಹಿಂದಕ್ಕೆ ತಿರುಗಿ ಅಂದುಬಿಟ್ಟೆ. ಅವರು ಕಿಟಕಿಯಾಚೆ ನೋಡತೊಡಗಿದರು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

"ಅವತ್ತು ನಾನು ಪಡಸಾಲೇಲಿ ಪೇಪರ್ ಓದ್ತಾ ಕುಂತಿದ್ದೆ ಟೀಚರಮ್ಮ. ಅಡಿಗೆ ಮನೇಲಿ ಸದ್ದೇ ಇರಲಿಲ್ಲ. ಸದ್ಯ, ಇವತ್ತು ಬೈತಾ ಇಲ್ಲ ಅಂತ ಖುಷಿಯಾಗಿ ಪೇಪರ್ ಪೂರ್ತಿ ಓದಿದೆ. ಅವಳು ಒಲೆ ಮುಂದೆ ಬಿದ್ದಿದ್ಲು."

ಗಾಡಿ ಶುರು ಮಾಡಿದೆ. ಇಡೀ ಜೀವಮಾನ ಎಲ್ಲವನ್ನೂ ಎಲ್ಲರನ್ನೂ ಅನುಮಾನಿಸಿದ ಮನುಷ್ಯ, ಅನುಮಾನಿಸಬೇಕಾದ ಒಂದೇ ಒಂದು ಬೆಳಿಗ್ಗೆ ನಿಶ್ಚಿಂತೆಯಿಂದ ಪೇಪರ್ ಓದಿದ್ದರು. ನನಗೆ ಅವರ ಮೇಲೆ ಆ ಕ್ಷಣ ಬಂದದ್ದು ಕನಿಕರವಲ್ಲ, ಪ್ರೀತಿಯೇ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವರು ಗೇಟಿನ ಹತ್ತಿರ ಕಾಯುತ್ತಿದ್ದರು. ರಾತ್ರಿಯೆಲ್ಲ ಯೋಚಿಸಿದ್ದರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಅದನ್ನೇ ಹಾಕಿಸ್ರಿ. ಅನುಮಾನ ನಂದು, ನಿದ್ದೆ ಅವಳ್ದು."

ಬಾಗಿಲು ಬಂತು. ಕೂರಿಸುವವರು ಬಂದ ದಿನ ಸಾಹೇಬರು ಸ್ಟೂಲು ಹಾಕಿಕೊಂಡು ನಮ್ಮ ಶೆಡ್ಡಿನಲ್ಲೇ ಕುಳಿತರು. ಮೋಟರನ್ನು ಸೂರಿನ ನಡುಮಧ್ಯಕ್ಕೆ ತೂಗುಹಾಕಿದರೂ, ಅದರ ಒಂದು ಬೋಲ್ಟಾದರೂ ತಮ್ಮ ಗೋಡೆಗೆ ತಾಗಿದೆಯೇ ಎಂದು ಏಣಿ ಹತ್ತಿ ನೋಡಿದರು. ತಾಗಿರಲಿಲ್ಲ. ನಾನು ಮತ್ತೆ ಕಾರಿನಲ್ಲಿ ಸ್ಕೂಲಿಗೆ ಹೋಗತೊಡಗಿದೆ. ದೊಡ್ಡಮ್ಮ ಬೆಳಗಿನ ಹೊತ್ತು ಚೆನ್ನಾಗಿ ಮಲಗುತ್ತಿದ್ದಾರೆ, ಎದ್ದ ಮೇಲೆ ಗಂಜಿ ಕುಡಿಯುತ್ತಿದ್ದಾರೆ ಎಂದು ಅವರ ತಂಗಿ ಹೇಳಿದರು. ಸಾಹೇಬರು ಮಾತ್ರ ಸಂಜೆ ಸಂಜೆ ಬಂದು, ಇವತ್ತು ನಿಜವಾಗಲೂ ಕಾರು ತೆಗೆದಿರಾ ಎಂದು ಕೇಳುತ್ತಿದ್ದರು. ಬಸ್ಸಿಗೇ ಹೋಗಿ ಕಾರಿಗೆ ಹೋದೆ ಎಂದು ಹೇಳುತ್ತಿದ್ದೇನೆಂಬ ಗುಮಾನಿ.

ಒಂದು ಭಾನುವಾರ ಅವರು ನನ್ನನ್ನು ತಮ್ಮ ಮನೆಯೊಳಗೆ ಕರೆದರು. ಇಷ್ಟು ವರ್ಷ ಪಕ್ಕದಲ್ಲಿದ್ದರೂ ನಾನು ಅವರ ಪಡಸಾಲೆ ದಾಟಿರಲಿಲ್ಲ. ಒಳಗೆ ಹೋದರೆ ಆ ಮನೆಯ ತುಂಬ ಬಟ್ಟೆ. ಪಾತ್ರೆಗಳ ಕೆಳಗೆ ಹಳೆ ಸೀರೆ ಹಾಸಿದ್ದರು, ಕದಗಳ ಅಂಚಿಗೆ ಚಿಂದಿ ಸುತ್ತಿದ್ದರು. ಕರೆಗಂಟೆಯ ವೈರು ಕಿತ್ತುಹಾಕಿದ್ದರು. ದೊಡ್ಡಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಎಚ್ಚರವಾಗೇ ಇದ್ದರು. ನಿಮ್ಮ ಗಂಡನಿಗೆ ಫೋನ್ ಮಾಡಿ ಶೆಡ್ಡಿನ ಬಾಗಿಲು ತೆರೆಸಿ ಎಂದು ಸಾಹೇಬರು ನನಗೆ ಹೇಳಿದರು. ನಾನು ಮಾಡಿದೆ. ಅವರು ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು.

ಒತ್ತಿದರಾ ಎಂದರು. ಒತ್ತಿದ್ದಾರೆ, ಮೇಲೆ ಹೋಗಿ ಕೆಳಗೂ ಬಂತಂತೆ ಎಂದೆ. ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಆಯಿತು. ದೊಡ್ಡಮ್ಮ ರೆಪ್ಪೆ ಅಲ್ಲಾಡಿಸಲಿಲ್ಲ. ಸಾಹೇಬರ ಮುಖ ಬಿಳಿಚಿಕೊಂಡಿತು.

"ಬಾಗ್ಲು ಸರಿ ಇಲ್ಲ ಅಂತಲ್ಲ ಟೀಚರಮ್ಮ. ಇವಳಿಗೆ ಕಿವೀನೂ ಹೋಗೈತೆ."

ನನಗೂ ಏನೂ ಕೇಳಿಸಲಿಲ್ಲ ಸಾರ್, ನಿಮಗೆ ಕೇಳಿಸಿತಾ ಎಂದು ನಾನು ಸಮಾಧಾನ ಮಾಡಲು ನೋಡಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಾತು ಹೋದದ್ದನ್ನು ತಡೆದುಕೊಂಡಿದ್ದರು. ತಾವು ದಿನವೂ ಮಂಚದ ಪಕ್ಕ ಕುಳಿತು ಪಿಸುಮಾತಿನಲ್ಲಿ ಹೇಳುತ್ತಿದ್ದದ್ದೆಲ್ಲ ಅವಳಿಗೆ ಕೇಳಿಯೇ ಇರಲಿಲ್ಲವೇನೋ ಎಂಬುದನ್ನು ತಡೆಯಲಾಗಲಿಲ್ಲ. ಸುತ್ತ ನೋಡಿ, ಕಿಟಕಿಯ ಹತ್ತಿರವಿದ್ದ ಹಿತ್ತಾಳೆ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ, ಬಟ್ಟೆ ಹಾಸದ ಕಡೆ ನೋಡಿಕೊಂಡು ನೆಲಕ್ಕೆ ಬಿಟ್ಟರು. ಗೋಡೆಗಳೆಲ್ಲ ಝಣ್ ಎಂದವು. ಅಡುಗೆಮನೆಯಿಂದ ದೊಡ್ಡಮ್ಮನ ತಂಗಿ ಓಡಿಬಂದರು.

ದೊಡ್ಡಮ್ಮ ಮೈಯೆಲ್ಲ ಅದುರಿಹೋಗಿ ಬೆಚ್ಚಿಬಿದ್ದರು. ಆಮೇಲೆ ಗಂಡನ ಕಡೆಗೆ ತಿರುಗಿದರು. ಆ ಕಣ್ಣಿನಲ್ಲಿ ಹಳೆಯ ಸಿಟ್ಟು ಪೂರ್ತಿ ಬಂದಿತ್ತು. ತುಟಿ ಓರೆಯಾಯಿತು, ಗಂಟಲಲ್ಲಿ ಏನೋ ಉರುಳಿತು.

"ಥೂ, ಮೂದೇವಿ" ಎಂದರು.

ಚೊಂಬು ಉರುಳುತ್ತ ಮಂಚದ ಕಾಲಿಗೆ ತಾಗಿ ನಿಂತಿತು. ಸಾಹೇಬರು ಹೆಂಡತಿಯ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದರು.

"ಏನಂದ್ಲು?"

"ಮೂದೇವಿ ಅಂದ್ರು ಸಾರ್."

"ನಿಮಗೂ ಕೇಳ್ತಾ?"

"ಕೇಳ್ತು."

"ಸಮಾಧಾನಕ್ಕೆ ಹೇಳಬ್ಯಾಡ್ರಿ."

"ಇಲ್ಲ ಸಾರ್. ಸ್ಪಷ್ಟವಾಗಿ ಕೇಳ್ತು."

ಅವರು ಮಂಚದ ಅಂಚಿನಲ್ಲಿ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ದೊಡ್ಡಮ್ಮ ಎಡಗೈಯಿಂದ ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಅದಾದ ಮೇಲೆ ದೊಡ್ಡಮ್ಮನಿಗೆ ಮಾತು ಒಂದೊಂದಾಗಿ ಬಂತು, ಹೆಚ್ಚಿನವು ಬೈಗುಳವೇ. ಸಾಹೇಬರು ಒಂದು ವರ್ಷಕ್ಕೂ ಮಿಗಿಲಾಗಿ ಆ ಬೈಗುಳ ತಿಂದುಕೊಂಡು ಸುಖವಾಗಿದ್ದು, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಎದೆಯ ನೋವೆಂದರು. ಹಾಲುತುಪ್ಪದ ದಿನ ಅವರ ಜೊತೆ ಕೆಲಸ ಮಾಡಿದ ಮುದುಕರು ನಾಲ್ಕಾರು ಜನ ಸೇರಿ ಹಳೆಯ ಕಥೆಗಳನ್ನು ಹೇಳಿ ನಗುತ್ತಿದ್ದರು. ಯಾರನ್ನೂ ನಂಬದ ಮನುಷ್ಯ, ಯಮಧರ್ಮನಿಗೂ ಟಿಕೆಟ್ ತೋರಿಸು ಅಂದಿರ್ತಾನೆ ಎಂದರು ಒಬ್ಬರು. ನಾನೂ ನಕ್ಕೆ. ಮಗ್ಗುಲಲ್ಲಿ ಕುಳಿತಿದ್ದ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಿದ್ದರು.

ಯಾರನ್ನೂ ನಂಬಲಿಲ್ಲ ಎನ್ನುವುದು ಸರಿಯಲ್ಲ ಎಂದು ಆ ಮುದುಕರಿಗೆ ಹೇಳಬೇಕೆನಿಸಿತು. ಬದುಕಿನಲ್ಲಿ ಅವರಿಗೆ ಎಲ್ಲಕ್ಕಿಂತ ಬೇಕಾಗಿದ್ದ ಮಾತು ಕಿವಿಗೆ ಬಿದ್ದ ದಿನ, ಅವರು ತಮ್ಮ ಕಿವಿಯನ್ನು ನಂಬಲಿಲ್ಲ, ನನ್ನನ್ನು ನಂಬಿದರು.